ಮೇಯರ್ ಪ್ರಕಟಣೆಯಲ್ಲಿ ಪೌರ ವಾರ್ತೆ ಮತ್ತು ಸಂಭ್ರಮದ ಸುದ್ದಿ ಒಟ್ಟಿಗೆ ಇರಬಹುದೆ?

ಪ್ರಶ್ನೆ – ಪ್ರಕಟಣಾ ವಿಭಾಗದವರು

ನಮಸ್ಕಾರ. ಒಂದು ನಗರದ ಮೇಯರ್ ಕಚೇರಿಯಿಂದ ಹೊರಡುವ ವಾರದ ಪ್ರಕಟಣೆಯನ್ನು ಸಿದ್ಧಪಡಿಸುವ ಹೊಣೆ ಇತ್ತೀಚೆಗೆ ನನಗೆ ಬಂದಿದೆ. ಅದರಲ್ಲಿ ಎರಡು ಬಗೆಯ ವಿಷಯಗಳಿರುತ್ತವೆ. ಕೊಳವೆ ದುರಸ್ತಿಗಾಗಿ ನೀರು ನಿಲ್ಲಿಸುವುದು, ರಸ್ತೆ ಮುಚ್ಚುವುದು, ಆಸ್ತಿ ತೆರಿಗೆ ಕಟ್ಟಲು ಕೊನೆಯ ದಿನ, ಸಾಮಾನ್ಯ ಸಭೆಯ ನಿರ್ಣಯ ಇವು ಒಂದು ಬಗೆ. ಸಮುದಾಯಗಳ ಹಬ್ಬಕ್ಕೆ ಶುಭಾಶಯ, ನಗರದ ಸಂಸ್ಥಾಪನಾ ದಿನ, ಸಾಧಕರಿಗೆ ಸನ್ಮಾನ, ಮೆರವಣಿಗೆ, ಉದ್ಯಾನದ ಸಂಗೀತ ಕಾರ್ಯಕ್ರಮ ಇವು ಇನ್ನೊಂದು ಬಗೆ. ಎರಡನ್ನೂ ಒಂದೇ ಹಾಳೆಯಲ್ಲಿ, ಒಂದೇ ಧಾಟಿಯಲ್ಲಿ, ಮೇಯರ್ ಅವರ ಭಾವಚಿತ್ರದ ಕೆಳಗೆ ಅಚ್ಚು ಹಾಕಿಸುವುದು ಹಿಂದಿನಿಂದ ನಡೆದುಬಂದ ರೂಢಿ.

ನೀರು ನಿಲ್ಲುವ ಸುದ್ದಿ ಶುಭಾಶಯಗಳ ನಡುವೆ ಹೂತುಹೋಗಿ, ಅದನ್ನು ಗಮನಿಸದವರು ಕಚೇರಿಗೆ ಬಂದು ದೂರುತ್ತಾರೆ. ಒಂದು ಸಮುದಾಯದ ಆಚರಣೆಗೆ ನಾಲ್ಕು ಸಾಲು, ಇನ್ನೊಂದಕ್ಕೆ ಒಂದೇ ಸಾಲು ಎಂದು ಅಳೆದು ನೋಡುವವರೂ ಇದ್ದಾರೆ. ಸಂಭ್ರಮದ ಸುದ್ದಿಯೇ ಬೇಡವೆಂದು ಕೆಲವು ಸಹೋದ್ಯೋಗಿಗಳು ವಾದಿಸುತ್ತಾರೆ. ಅದಿಲ್ಲದಿದ್ದರೆ ಪ್ರಕಟಣೆಯನ್ನು ಯಾರೂ ಓದುವುದಿಲ್ಲವೆಂದು ಮೇಯರ್ ಹೇಳುತ್ತಾರೆ, ಆ ಮಾತಿನಲ್ಲೂ ಹುರುಳಿದೆ. ಇವೆರಡನ್ನು ಬೇರ್ಪಡಿಸಬೇಕೆ? ಯಾವ ಆಚರಣೆಯನ್ನು ಸೇರಿಸಬೇಕೆಂದು ತೀರ್ಮಾನಿಸುವ ನ್ಯಾಯವಾದ ಕ್ರಮ ಯಾವುದು? ಇದೇ ಸುದ್ದಿಗಳನ್ನು ಮೇಯರ್ ತಮ್ಮ ಸ್ವಂತ ಫೇಸ್‌ಬುಕ್ ಖಾತೆಯಲ್ಲೂ ಹಾಕುತ್ತಾರೆ, ಅದರಿಂದ ಏನಾದರೂ ತೊಡಕು ಬರುವುದೆ?

ಉತ್ತರ – ನಿವೃತ್ತ ಪರಿಷತ್ ಕಾರ್ಯದರ್ಶಿ

ಬೇರ್ಪಡಿಸುವುದಕ್ಕೆ ಮೊದಲು ಪ್ರತಿಯೊಂದು ಸುದ್ದಿಯ ಪಕ್ಕದಲ್ಲಿ, ಇದನ್ನು ತೀರ್ಮಾನಿಸಿದವರು ಯಾರು ಎಂದು ಬರೆದುಕೊಂಡು ನೋಡಿ. ನಿಮ್ಮ ಗೊಂದಲದ ಅರ್ಧ ಭಾಗ ಅಲ್ಲಿಯೇ ತಿಳಿಯಾಗುತ್ತದೆ.

ಮೇಯರ್ ಎಂಬ ಹುದ್ದೆ ಎಲ್ಲ ಕಡೆಯೂ ಒಂದೇ ಅಲ್ಲ. ನ್ಯೂಯಾರ್ಕಿನ ಮೇಯರ್ ಜನರಿಂದ ನೇರವಾಗಿ ಆಯ್ಕೆಯಾಗಿ ಇಡೀ ಆಡಳಿತವನ್ನು ತಾವೇ ನಡೆಸುತ್ತಾರೆ. ಲಂಡನ್ನಿನಲ್ಲಿ 2000ರಿಂದ ನೇರ ಚುನಾವಣೆಯಿದೆ, ಆದರೆ ಕಸ ವಿಲೇವಾರಿಯಂಥ ದಿನನಿತ್ಯದ ಅನೇಕ ಕೆಲಸಗಳು ಅಲ್ಲಿನ ಸ್ಥಳೀಯ ಕೌನ್ಸಿಲ್‌ಗಳ ಕೈಯಲ್ಲಿವೆ. ಭಾರತದ ಬಹುಪಾಲು ನಗರಪಾಲಿಕೆಗಳಲ್ಲಿ ಸದಸ್ಯರು ತಮ್ಮೊಳಗೊಬ್ಬರನ್ನು ಮೇಯರ್ ಆಗಿ ಆರಿಸುತ್ತಾರೆ, ಕಾರ್ಯನಿರ್ವಾಹಕ ಅಧಿಕಾರ ಮಾತ್ರ ರಾಜ್ಯ ಸರ್ಕಾರ ನೇಮಿಸಿದ ಆಯುಕ್ತರಲ್ಲಿ ಇರುತ್ತದೆ. ಆದುದರಿಂದ ‘ರಸ್ತೆ ಮುಚ್ಚಲು ಮೇಯರ್ ಆದೇಶಿಸಿದ್ದಾರೆ’ ಎಂಬ ವಾಕ್ಯ ಒಂದು ನಗರದಲ್ಲಿ ಸರಿಯಾಗಿದ್ದು, ಇನ್ನೊಂದು ನಗರದಲ್ಲಿ ತಪ್ಪಾಗಬಹುದು. ಸಭೆಯ ನಿರ್ಣಯವಾಗಿದ್ದರೆ ಸಭೆಯ ದಿನಾಂಕ ಮತ್ತು ನಿರ್ಣಯದ ಸಂಖ್ಯೆಯನ್ನು ಕೊಡಿ. ಆಯುಕ್ತರ ಆದೇಶವಾಗಿದ್ದರೆ ಅವರ ಹೆಸರಿನಲ್ಲೇ ಹೊರಡಿಸಿ. ಮೇಯರ್ ಅವರು ಆಶಿಸಿದ್ದು, ಪ್ರಸ್ತಾಪಿಸಿದ್ದು, ಭರವಸೆ ಕೊಟ್ಟದ್ದು ಇವನ್ನೆಲ್ಲ ಆಗಿಹೋದ ಕೆಲಸದಂತೆ ಬರೆಯಬೇಡಿ. ಪ್ರಕಟಣೆ ಬರೆಯುವವರ ಮೇಲೆ ಬರುವ ದೊಡ್ಡ ಒತ್ತಡ ಇದೇ. ನಾಳೆ ಯಾರಾದರೂ ನಡಾವಳಿ ಪುಸ್ತಕದೊಡನೆ ಹೋಲಿಸಿ ನೋಡಿದಾಗ ಉತ್ತರಿಸಬೇಕಾದವರು ನೀವೇ ಆಗಿರುತ್ತೀರಿ.

ಸಂಭ್ರಮದ ಸುದ್ದಿಗೆ ಈ ಭಾರವಿಲ್ಲ. ಅಮೆರಿಕದ ನಗರಗಳಲ್ಲಿ ಮೇಯರ್ ಒಂದು ದಿನವನ್ನೋ ವಾರವನ್ನೋ ಯಾವುದಾದರೂ ಸಮುದಾಯದ ಗೌರವಾರ್ಥವೆಂದು ಘೋಷಿಸುವ ಪದ್ಧತಿ ಹಳೆಯದು. ಆ ಘೋಷಣೆಗೆ ಸಾಮಾನ್ಯವಾಗಿ ಕಾನೂನಿನ ಬಲವಿರುವುದಿಲ್ಲ, ಅದರಿಂದ ರಜೆಯಾಗಲಿ ಹಣವಾಗಲಿ ಬರುವುದಿಲ್ಲ, ಅದು ನಗರದ ಪರವಾಗಿ ಹೇಳಿದ ಒಂದು ಒಳ್ಳೆಯ ಮಾತು. ಒಳ್ಳೆಯ ಮಾತಿಗೂ ನಗರದಲ್ಲಿ ಜಾಗ ಬೇಕು, ನಿಮ್ಮ ಸಹೋದ್ಯೋಗಿಗಳ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಆದರೆ ಜನ ತಮ್ಮ ದಿನಚರಿ ಬದಲಿಸಿಕೊಳ್ಳಬೇಕಾದ ಸುದ್ದಿ ಯಾವಾಗಲೂ ಮೇಲೆ, ಭಾವಚಿತ್ರವಿಲ್ಲದೆ, ಬಡಾವಣೆಯ ಹೆಸರು ಮತ್ತು ಗಂಟೆಯೊಂದಿಗೆ ಬರಬೇಕು. ‘ನಾಳೆ’ ಎಂದು ಬರೆಯಬಾರದು, ವಾರ ಮತ್ತು ದಿನಾಂಕ ಎರಡನ್ನೂ ಬರೆಯಬೇಕು, ಏಕೆಂದರೆ ಪ್ರಕಟಣೆಯನ್ನು ಒಬ್ಬರು ಇನ್ನೊಬ್ಬರಿಗೆ ಕಳುಹಿಸುವಷ್ಟರಲ್ಲಿ ಆ ನಾಳೆ ಕಳೆದುಹೋಗಿರುತ್ತದೆ.

ಮೆರವಣಿಗೆಯಂಥ ಸುದ್ದಿ ಎರಡೂ ಕಡೆ ಸೇರುತ್ತದೆ. ಅದರ ಆಹ್ವಾನ ಕೆಳಗಿರಲಿ, ಅದರಿಂದ ಮುಚ್ಚುವ ರಸ್ತೆಯ ವಿವರ ಮೇಲಿರಲಿ.

ಉತ್ತರ – ಸ್ಥಳೀಯಾಡಳಿತ ಕಾನೂನಿನ ಅಭ್ಯಾಸಿ

ಆಚರಣೆಗಳ ಆಯ್ಕೆಯ ಕುರಿತು ಬಾಸ್ಟನ್ ನಗರದ ಪ್ರಕರಣವನ್ನು ನೀವು ಅಗತ್ಯವಾಗಿ ತಿಳಿದಿರಬೇಕು. ಅಲ್ಲಿನ ನಗರ ಸಭಾಂಗಣದ ಮುಂದಿರುವ ಮೂರು ಧ್ವಜಸ್ತಂಭಗಳ ಪೈಕಿ ಒಂದರಲ್ಲಿ, ಸಂಘ ಸಂಸ್ಥೆಗಳು ಸಮಾರಂಭದ ವೇಳೆಗೆ ತಮ್ಮ ಧ್ವಜವನ್ನು ಹಾರಿಸಲು ನಗರಾಡಳಿತ ವರ್ಷಗಟ್ಟಲೆ ಅವಕಾಶ ಕೊಡುತ್ತ ಬಂದಿತ್ತು. ಬಂದ ಅರ್ಜಿಗಳನ್ನು ಪರಿಶೀಲಿಸುವ ಗೋಜಿಗೆ ಹೆಚ್ಚಾಗಿ ಹೋಗಿರಲಿಲ್ಲ. 2017ರಲ್ಲಿ ಒಂದು ಸಂಸ್ಥೆ ಕ್ರೈಸ್ತ ಧ್ವಜ ಹಾರಿಸಲು ಕೇಳಿದಾಗ ಮಾತ್ರ, ಧರ್ಮಕ್ಕೆ ಬೆಂಬಲ ಕೊಟ್ಟಂತಾಗುತ್ತದೆ ಎಂದು ನಿರಾಕರಿಸಿತು. 2022ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳೂ ನಗರದ ವಿರುದ್ಧ ತೀರ್ಪಿತ್ತರು. ಧ್ವಜಗಳ ಆಯ್ಕೆಯಲ್ಲಿ ನಗರವು ತನ್ನ ಕೈವಾಡವನ್ನೇ ಇಟ್ಟುಕೊಂಡಿರದ ಕಾರಣ ಅವು ನಗರದ ಸ್ವಂತ ಮಾತುಗಳಾಗಲಿಲ್ಲ, ಅನ್ಯರ ಮಾತಿಗೆ ವೇದಿಕೆ ತೆರೆದ ಮೇಲೆ ಒಬ್ಬರ ನಿಲುವನ್ನು ಕಂಡು ಬಾಗಿಲು ಹಾಕುವಂತಿಲ್ಲ ಎಂಬುದು ಅದರ ಸಾರ.

ಆ ತೀರ್ಪು ಬೇರೆ ದೇಶಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ಹಿಂದಿನ ತರ್ಕ ನಿಮ್ಮ ಕಚೇರಿಗೂ ಹೊಂದುತ್ತದೆ. ಶುಭಾಶಯ ನಗರದ ಮಾತಾಗಿದ್ದರೆ ಅದಕ್ಕೆ ಒಂದು ನೀತಿ ಬೇಕು, ಆ ನೀತಿ ಲಿಖಿತವಾಗಿರಬೇಕು, ವರ್ಷದ ಆರಂಭದಲ್ಲೇ ಪಟ್ಟಿ ಸಿದ್ಧವಾಗಿರಬೇಕು. ಹಾಗಲ್ಲದೆ ಸಮುದಾಯಗಳು ಕೇಳಿದಾಗ ಕೊಡುವ ಜಾಗವಾಗಿದ್ದರೆ, ಎಲ್ಲರಿಗೂ ಒಂದೇ ಅರ್ಜಿ ನಮೂನೆ, ಒಂದೇ ಗಡುವು, ಒಂದೇ ಪದಮಿತಿ ಇರಬೇಕು. ಸಾಲು ಅಳೆಯುವವರ ಮೇಲೆ ಸಿಟ್ಟಾಗುವುದರಿಂದ ಪ್ರಯೋಜನವಿಲ್ಲ, ಸಾಲು ಸಮವಾಗಿದ್ದರೆ ಅಳೆಯುವುದು ತಾನಾಗಿ ನಿಲ್ಲುತ್ತದೆ.

ಸ್ವಂತ ಖಾತೆಯ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಮಿಶಿಗನ್ ರಾಜ್ಯದ ಪೋರ್ಟ್ ಹ್ಯೂರನ್ ಎಂಬ ನಗರದ ವ್ಯವಸ್ಥಾಪಕರೊಬ್ಬರು ತಮ್ಮ ಫೇಸ್‌ಬುಕ್ ಪುಟದಲ್ಲಿ ಮನೆಯವರ ಚಿತ್ರಗಳ ಜೊತೆಗೆ ನಗರದ ಸುದ್ದಿಗಳನ್ನೂ ಹಾಕುತ್ತಿದ್ದರು. ಟೀಕಿಸಿದ ನಾಗರಿಕರೊಬ್ಬರನ್ನು ಅವರು ಆ ಪುಟದಿಂದ ತಡೆಹಿಡಿದಾಗ (ಬ್ಲಾಕ್ ಮಾಡಿದಾಗ) ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಅಧಿಕಾರಿಗೆ ಸರ್ಕಾರದ ಪರವಾಗಿ ಮಾತನಾಡುವ ನಿಜವಾದ ಅಧಿಕಾರವಿತ್ತೆ, ಆ ಬರಹದಲ್ಲಿ ಅದೇ ಅಧಿಕಾರವನ್ನು ಚಲಾಯಿಸುತ್ತಿರುವಂತೆ ತೋರಿಸಿಕೊಂಡರೆ ಎಂಬ ಎರಡು ಪ್ರಶ್ನೆಗಳನ್ನು 2024ರ ಮಾರ್ಚ್ ತಿಂಗಳ ತೀರ್ಪು ಮುಂದಿಟ್ಟಿತು. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಆ ಬರಹ ಖಾಸಗಿಯಾಗಿ ಉಳಿಯುವುದಿಲ್ಲ. ನಿಮ್ಮ ಮೇಯರ್ ಅವರ ಖಾತೆಯಲ್ಲಿ ಹುಟ್ಟುಹಬ್ಬದ ಚಿತ್ರವೂ ನೀರಿನ ವೇಳಾಪಟ್ಟಿಯೂ ಬೆರೆತಿದ್ದರೆ, ಸಿಟ್ಟಿನಿಂದ ಒಬ್ಬರನ್ನು ತಡೆಹಿಡಿದ ದಿನ ಆ ನಾಗರಿಕರಿಗೆ ವೇಳಾಪಟ್ಟಿಯೂ ತಪ್ಪಿಹೋಗುತ್ತದೆ. ಪೌರ ವಾರ್ತೆ ಮೊದಲು ಕಚೇರಿಯ ಖಾತೆಯಲ್ಲಿ ಬರಲಿ, ಮೇಯರ್ ಅದನ್ನು ಹಂಚಿಕೊಳ್ಳಲಿ.

ಭಾವಚಿತ್ರದ ಬಗ್ಗೆಯೂ ಒಂದು ಮಾತು. ಸರ್ಕಾರಿ ಜಾಹೀರಾತಿನಲ್ಲಿ ಯಾರ ಚಿತ್ರ ಇರಬಹುದೆಂದು ಭಾರತದ ಸುಪ್ರೀಂ ಕೋರ್ಟ್ 2015ರಲ್ಲಿ ಮಿತಿ ಹಾಕಿತು. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಮೂವರಿಗಷ್ಟೇ ಇದ್ದ ಆ ಅವಕಾಶವನ್ನು 2016ರಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಚಿವರಿಗೂ ವಿಸ್ತರಿಸಿತು. ಆ ಪಟ್ಟಿಯಲ್ಲಿ ಮೇಯರ್ ಇಲ್ಲ. ಹಣ ಕೊಟ್ಟು ಪತ್ರಿಕೆಯಲ್ಲಿ ಹಾಕಿಸುವ ಜಾಹೀರಾತಿಗೂ ಕಚೇರಿಯ ಪ್ರಕಟಣೆಗೂ ವ್ಯತ್ಯಾಸವಿದೆ, ಆದರೂ ಸಾರ್ವಜನಿಕ ಹಣದಲ್ಲಿ ವ್ಯಕ್ತಿಯ ಮುಖ ದೊಡ್ಡದಾಗಬಾರದು ಎಂಬ ಕಾಳಜಿ ಎರಡಕ್ಕೂ ಒಂದೇ.

ಉತ್ತರ – ನಗರ ವರದಿಗಾರ್ತಿ

ಮೇಲಿನ ಇಬ್ಬರ ಮಾತೂ ಸರಿ. ಆದರೆ ಮೇಯರ್ ಅವರ ವಾದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎನಿಸುತ್ತದೆ. ಜನ ಓದದ ಪ್ರಕಟಣೆ ಎಷ್ಟೇ ನಿಯಮಬದ್ಧವಾಗಿದ್ದರೂ ವ್ಯರ್ಥ. ನ್ಯೂಯಾರ್ಕಿನ ಮೇಯರ್ ಆಗಿದ್ದ ಫಿಯೊರೆಲ್ಲೊ ಲಾ ಗ್ವಾರ್ಡಿಯಾ ನಗರದ ಸ್ವಂತ ರೇಡಿಯೊ ಕೇಂದ್ರದಿಂದ ಭಾನುವಾರಗಳಂದು ಜನರೊಡನೆ ಮಾತನಾಡುತ್ತಿದ್ದರು. 1945ರ ಬೇಸಿಗೆಯಲ್ಲಿ ಪತ್ರಿಕೆ ಹಂಚುವವರು ಮುಷ್ಕರ ಹೂಡಿದಾಗ, ಮಕ್ಕಳಿಗೆ ತಪ್ಪಿಹೋಗಿದ್ದ ಪತ್ರಿಕೆಯ ಚಿತ್ರಕಥೆಗಳನ್ನು (ಕಾಮಿಕ್ಸ್) ಅವರೇ ರೇಡಿಯೊದಲ್ಲಿ ಅಭಿನಯಿಸಿ ಓದಿದರು. ಇಂದಿಗೂ ಜನ ನೆನೆಯುವುದು ಆ ಓದನ್ನೇ. ಅದೇ ರೇಡಿಯೊದಲ್ಲಿ ಆಡಳಿತದ ವಿಷಯಗಳನ್ನೂ ಅವರು ಹೇಳುತ್ತಿದ್ದರು, ಚಿತ್ರಕಥೆಗಾಗಿ ಕಿವಿಗೊಟ್ಟ ಮನೆಗಳು ಅವನ್ನೂ ಕೇಳಿಸಿಕೊಂಡಿರಬೇಕು.

ಆದುದರಿಂದ ಸಂಭ್ರಮವನ್ನು ಬೇರೆ ಹಾಳೆಗೆ ತಳ್ಳದೆ, ಒಂದೇ ಹಾಳೆಯಲ್ಲಿ ಬೇರೆ ಅಂಕಣ ಕೊಡಿ. ಧಾಟಿ ಮಾತ್ರ ಬೇರೆಯಾಗಬೇಕು. ನೀರು ನಿಲ್ಲುವ ಸುದ್ದಿಯಲ್ಲಿ ‘ಹರ್ಷಪೂರ್ವಕವಾಗಿ ತಿಳಿಸುತ್ತೇವೆ’ ಎಂಬ ಮಾತನ್ನು ನಾನು ಕಣ್ಣಾರೆ ಓದಿದ್ದೇನೆ! ಇನ್ನು ಸಂಭ್ರಮದ ಅಂಕಣದಲ್ಲಿ ‘ನಾಡಿನ ಸಮಸ್ತ ಬಾಂಧವರಿಗೆ’ ಎಂಬ ಸವಕಲು ಶುಭಾಶಯಕ್ಕಿಂತ, ಆ ಆಚರಣೆ ಎಲ್ಲಿ ನಡೆಯುತ್ತದೆ, ಹೊರಗಿನವರು ಹೋಗಬಹುದೆ, ಗಾಲಿಕುರ್ಚಿಗೆ ದಾರಿ ಇದೆಯೆ, ಮುಗಿದ ಮೇಲೆ ಜಾಗವನ್ನು ಶುಚಿಗೊಳಿಸುವ ಪೌರಕಾರ್ಮಿಕರಿಗೆ ಯಾವ ವ್ಯವಸ್ಥೆ ಆಗಿದೆ ಎಂಬುದನ್ನು ಬರೆದರೆ ಅದೂ ಪೌರ ವಾರ್ತೆಯೇ ಆಗುತ್ತದೆ. ಕಾರ್ಯಕ್ರಮ ರದ್ದಾದರೆ ಮೂಲ ಪ್ರಕಟಣೆ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ರದ್ದಾದ ಸುದ್ದಿಯೂ ಹೋಗಬೇಕು. ಬಹಳ ಕಚೇರಿಗಳು ಎಡವುವುದು ಇಲ್ಲಿಯೇ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಅಂಕಣ ಬೇರ್ಪಡಿಸುವ ಮತ್ತು ಅರ್ಜಿ ನಮೂನೆಯ ಸಲಹೆಯನ್ನು ಮುಂದಿನ ಸಭೆಯಲ್ಲಿ ಇಡುತ್ತೇನೆ. ಉಳಿದದ್ದು ಒಂದೇ ಸಂದೇಹ: ಚುನಾವಣೆ ಹತ್ತಿರವಾದಾಗ ಈ ಪ್ರಕಟಣೆಯನ್ನು ಪೂರ್ತಿಯಾಗಿ ನಿಲ್ಲಿಸಬೇಕೆ?

ಉತ್ತರ – ಸ್ಥಳೀಯಾಡಳಿತ ಕಾನೂನಿನ ಅಭ್ಯಾಸಿ

ಪೂರ್ತಿಯಾಗಿ ಅಲ್ಲ. ಇಂಗ್ಲೆಂಡಿನಲ್ಲಿ ಪಕ್ಷವೊಂದಕ್ಕೆ ಜನಬೆಂಬಲ ಗಳಿಸಿಕೊಡುವಂತೆ ತೋರುವ ಪ್ರಚಾರವನ್ನು ಸ್ಥಳೀಯ ಸಂಸ್ಥೆಗಳು ಪ್ರಕಟಿಸುವುದನ್ನು 1986ರ ಕಾಯ್ದೆ ಯಾವ ಕಾಲದಲ್ಲೂ ನಿಷೇಧಿಸುತ್ತದೆ, ಚುನಾವಣೆಯ ವೇಳೆ ಎಚ್ಚರಿಕೆ ಇನ್ನಷ್ಟು ಬಿಗಿಯಾಗುತ್ತದೆ. ಭಾರತದಲ್ಲಿ ಮಾದರಿ ನೀತಿ ಸಂಹಿತೆ ಜಾರಿಯಾದ ಮೇಲೆ ಹೊಸ ಯೋಜನೆಗಳ ಘೋಷಣೆಗೂ ಶಂಕುಸ್ಥಾಪನೆಗೂ ತಡೆ ಬೀಳುತ್ತದೆ. ಆದರೆ ಕೊಳವೆ ಒಡೆದದ್ದನ್ನು ತಿಳಿಸಬಾರದೆಂದು ಯಾವ ಸಂಹಿತೆಯೂ ಹೇಳುವುದಿಲ್ಲ. ಆ ಅವಧಿಯಲ್ಲಿ ಪೌರ ವಾರ್ತೆಯ ಅಂಕಣ ಅಧಿಕಾರಿಯ ಹೆಸರಿನಲ್ಲಿ ಮುಂದುವರಿಯಲಿ. ಆಚರಣೆಗಳ ಅಂಕಣದಲ್ಲಿ ಸ್ಥಳ ಮತ್ತು ಸಮಯ ಮಾತ್ರ ಇರಲಿ, ಮೇಯರ್ ಅವರ ಸಂದೇಶ ಮತ್ತು ಚಿತ್ರ ಬೇಡ. ಅನುಮಾನ ಬಂದ ಪ್ರತಿಯೊಂದು ಸಾಲನ್ನೂ ಚುನಾವಣಾಧಿಕಾರಿಗೆ ಬರಹದಲ್ಲಿ ಕಳುಹಿಸಿ, ಅವರ ಉತ್ತರವನ್ನು ಕಡತದಲ್ಲಿ ಇಟ್ಟುಕೊಂಡ ಮೇಲೆಯೇ ಅಚ್ಚಿಗೆ ಕಳುಹಿಸಿ.