ಚುನಾವಣೆ ಮುಗಿದರೂ ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ, ಏನು ಮಾಡಲಿ?

ಕೇಳಿದವರು: ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಗೃಹಿಣಿ

ಎಲ್ಲರಿಗೂ ನಮಸ್ಕಾರ. 2023ರ ವಿಧಾನಸಭೆ ಚುನಾವಣೆ ಆದಾಗಿನಿಂದ ಪಕ್ಕದ ಮನೆಯವರಿಗೂ ನಮಗೂ ಮಾತಿಲ್ಲ. ಎರಡೂ ಮನೆಗೆ ನಡುಗೋಡೆ ಒಂದೇ. ನಮ್ಮ ಮನೆಯವರು ತೆನೆ ಕಡೆ ಓಡಾಡಿದ್ದರು, ಅವರು ಕೈ ಕಡೆ. ಮೇ 13ರ ಮಧ್ಯಾಹ್ನ ಫಲಿತಾಂಶ ಬಂದ ಮೇಲೆ ಹುಡುಗರು ಬಂದು ನಮ್ಮ ಜಗಲಿ ಉದ್ದಕ್ಕೂ ಸರಪಟಾಕಿ ಹಾಸಿ ಹಚ್ಚಿದರು. ಒಣಗಲು ಹಾಕಿದ್ದ ಸಂಡಿಗೆ ಮೇಲೆಲ್ಲ ಸುಟ್ಟ ಕಾಗದದ ಚೂರು. ಪಕ್ಕದ ಮನೆ ಭಾವ ಅಲ್ಲೇ ನಿಂತಿದ್ದರು, ಬೇಡ ಅನ್ನಲಿಲ್ಲ. ನಮ್ಮವರು ಬಾಯಿಗೆ ಬಂದಂತೆ ಬೈದರು, ಅವರೂ ತಿರುಗಿ ಬೈದರು.

ಅವತ್ತಿನಿಂದ ಡೇರಿಗೆ ಹಾಲು ಹಾಕಲು ಹೋದಾಗಲೂ ಮುಖ ತಿರುಗಿಸುತ್ತಾರೆ. ಸಂಕ್ರಾಂತಿಗೆ ಮಗಳು ಎಳ್ಳು ಬೀರಲು ಹೋದರೆ ಬಾಗಿಲೇ ತೆಗೆಯಲಿಲ್ಲ. ಈಗ ಆ ಮಗಳಿಗೇ ಮದುವೆ ಗೊತ್ತಾಗಿದೆ. ಅವರಿಗೆ ಪತ್ರಿಕೆ ಕೊಡಬೇಕಾ, ಬೇಡವಾ? ನಮ್ಮ ಮನೆಯವರು ಬೇಡವೇ ಬೇಡ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಮುಂದೆ ಪಂಚಾಯ್ತಿ ಚುನಾವಣೆ ಬೇರೆ ಇದೆ. ಇಂಥದ್ದನ್ನು ಕಂಡವರು ದಯವಿಟ್ಟು ಹೇಳಿ.

ಚನ್ನಪಟ್ಟಣ ತಾಲ್ಲೂಕಿನ ರೈತ

ಅಕ್ಕ, ಪತ್ರಿಕೆ ಕೊಡಿ. ಅದರಲ್ಲಿ ಎರಡು ಮಾತಿಲ್ಲ. ಹೇಗೆ ಕೊಡಬೇಕು ಅನ್ನುವುದೇ ಮುಖ್ಯ.

ಮೊದಲು ಮುಯ್ಯಿ ಪುಸ್ತಕ ತೆಗೆಯಿರಿ. ಅವರ ಮನೆ ಮದುವೆಗೆ ನೀವು ಎಷ್ಟು ಮಾಡಿದ್ದಿರಿ, ನಿಮ್ಮ ಮನೆ ಕೆಲಸಕ್ಕೆ ಅವರು ಎಷ್ಟು ಮಾಡಿದ್ದರು, ನೋಡಿ. ಅವರಿಂದ ನಿಮಗೆ ಮುಯ್ಯಿ ಬರಬೇಕಿದ್ದು ನೀವು ಕರೆಯದೇ ಹೋದರೆ, ಅವರಿಗೆ ತೀರಿಸಲು ದಾರಿಯೇ ಇಲ್ಲದಂತೆ ಆಗುತ್ತದೆ. ನಮ್ಮ ಕಡೆ ಅದು ಬೈಗುಳಕ್ಕಿಂತ ದೊಡ್ಡ ಅವಮಾನ. ನಿಮ್ಮ ಯಜಮಾನರಿಗೆ ಇದನ್ನೇ ಹೇಳಿ. ಪಕ್ಷದ ಮಾತಿಗೆ ಬಗ್ಗದವರು ಮುಯ್ಯಿ ಮಾತಿಗೆ ಬಗ್ಗುತ್ತಾರೆ.

ನಮ್ಮ ಊರಲ್ಲಿ ಇದಕ್ಕಿಂತ ಜಾಸ್ತಿ ಆಗಿತ್ತು. 2023ರಲ್ಲಿ ನಮ್ಮ ಚಿಕ್ಕಪ್ಪನ ಮನೆ ಕುಮಾರಸ್ವಾಮಿ ಕಡೆ, ಎದುರು ಮನೆ ಯೋಗೇಶ್ವರ್ ಕಡೆ. ಆಗ ಯೋಗೇಶ್ವರ್ ಬಿಜೆಪಿಯಲ್ಲಿದ್ದರು. ಎರಡೂ ಮನೆ ಹೊಡೆದಾಡುವ ಹಂತಕ್ಕೆ ಹೋಗಿದ್ದವು. 2024ರ ಲೋಕಸಭೆ ಚುನಾವಣೆಗೆ ಜೆಡಿಎಸ್ ಮತ್ತು ಬಿಜೆಪಿ ಒಂದಾದವು. ಡಾ. ಮಂಜುನಾಥ್ ಅವರಿಗೆ ಎರಡೂ ಮನೆಯವರು ಓಟು ಕೇಳಿದರು, ಆದರೆ ಬೇರೆ ಬೇರೆ ಬೀದಿಯಲ್ಲಿ! ಅದೇ ವರ್ಷ ಅಕ್ಟೋಬರಿನಲ್ಲಿ ಯೋಗೇಶ್ವರ್ ಕಾಂಗ್ರೆಸ್ ಸೇರಿ, ನವೆಂಬರ್ ಉಪಚುನಾವಣೆಯಲ್ಲಿ ಕುಮಾರಸ್ವಾಮಿ ಅವರ ಮಗ ನಿಖಿಲ್ ಅವರನ್ನು ಸೋಲಿಸಿದರು. ಮತ್ತೆ ಎದುರು ಬದುರು. ಒಂದೂವರೆ ವರ್ಷದಲ್ಲಿ ನಾಯಕರು ಎರಡು ಸಲ ಕಡೆ ಬದಲಿಸಿದರು, ಎರಡು ಮನೆಯ ಮುನಿಸು ಮಾತ್ರ ಇದ್ದಲ್ಲೇ ಇತ್ತು.

ಆದರೆ ಅಕ್ಕ, ಈ ಲೆಕ್ಕವನ್ನು ಅವರ ಮುಂದೆ ಒಪ್ಪಿಸಬೇಡಿ. "ನಿಮ್ಮ ನಾಯಕರು ಒಂದಾದರು, ನೀವೇಕೆ ಹೀಗೆ" ಅಂದರೆ ಇನ್ನೂ ಉರಿಯುತ್ತದೆ. ಯಾಕೆಂದರೆ ಸಿಟ್ಟು ಪಕ್ಷದ್ದಲ್ಲ. ನನ್ನ ಬಾಗಿಲ ಮುಂದೆ ನಾಲ್ಕು ಜನ ನೋಡುವಾಗ ಹೀಗಾಯಿತಲ್ಲ ಅನ್ನುವುದು. ನಿಮಗೆ ಪಟಾಕಿ ಹೇಗೆ ಚುಚ್ಚಿದೆಯೋ ಅವರಿಗೆ ಬೈಗುಳ ಹಾಗೇ ಚುಚ್ಚಿರುತ್ತದೆ.

ನಮ್ಮಲ್ಲಿ ಸರಿಹೋದದ್ದೂ ಮದುವೆಯಿಂದಲೇ. ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರು ಮೊದಲೇ ಹೋಗಿ "ಅವರು ಪತ್ರಿಕೆ ಕೊಡಲು ಬರುತ್ತಾರೆ, ಮನೇಲಿರಿ" ಎಂದು ಹೇಳಿ ಬಂದರು. ಮಾರನೇ ದಿನ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಹೋದರು. ಚುನಾವಣೆ ಸುದ್ದಿ ಎತ್ತಲಿಲ್ಲ. ಅರಿಶಿನ ಕುಂಕುಮ ಕೊಟ್ಟು, ಪತ್ರಿಕೆ ಇಟ್ಟು, "ಚಪ್ಪರಕ್ಕೆ ನಿಮ್ಮ ಕಂಬಕ್ಕೆ ಒಂದು ಗಳ ಕಟ್ಟಬೇಕು, ಕಟ್ಟಬಹುದಾ?" ಎಂದು ಕೇಳಿದರು. ಅವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಚಪ್ಪರದ ದಿನ ಹುಡುಗರು ಗಳ ಕಟ್ಟುತ್ತಿದ್ದಾಗ ಎದುರು ಮನೆಯಾತ ಹೊರಗೆ ಬಂದು ಎಳೆದು ನೋಡಿದ. ಈ ಹಗ್ಗ ನಿಲ್ಲಲ್ಲ ಎಂದು ಒಳಗಿಂದ ತಮ್ಮದೇ ತಂದು ಬಿಗಿದ. ಮದುವೆ ದಿನ ಬಡಿಸಲಿಕ್ಕೂ ನಿಂತ.

ನಿಮಗೆ ನಡುಗೋಡೆಯೇ ಇದೆ. ಚಪ್ಪರಕ್ಕೆ ಅವರನ್ನು ಕೇಳದೆ ಆಗುವುದೇ ಇಲ್ಲ ಅಲ್ವಾ? ಕೇಳಿ.

ತುಮಕೂರಿನ ನಿವೃತ್ತ ಮೇಷ್ಟ್ರು

ತಾಯಿ, ನಾನು ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದವನು. ಹಳ್ಳಿಗಳಲ್ಲಿ ದ್ವೇಷ ಹತ್ತಲು ಒಂದು ಕಾರಣ ನನ್ನ ಕಣ್ಣಿಗೆ ಬಿದ್ದಿದೆ. ಅದನ್ನು ಹೇಳಲೇಬೇಕು.

ಮತಪತ್ರ ಇದ್ದ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶ ಇತ್ತು. ಮತಯಂತ್ರ ಬಂದ ಮೇಲೆ ಎಣಿಕೆ ಬೂತುವಾರು ಆಯಿತು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆಮೇಲೆ "ಆ ಬೀದಿಯವರು ಕೈ ಕೊಟ್ಟರು", "ಈ ಕೇರಿಯವರು ದುಡ್ಡು ತಿಂದು ಬೇರೆಯವರಿಗೆ ಹಾಕಿದರು" ಎಂದು ಶುರು. ಹದಿನಾಲ್ಕು ಬೂತುಗಳ ಲೆಕ್ಕವನ್ನು ಒಟ್ಟಿಗೆ ಕೂಡಿಸುವ ಟೋಟಲೈಸರ್ ಎಂಬ ಯಂತ್ರ ಬಳಸೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಬೇಕು ಎಂದಿತು. ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೆ ಎಷ್ಟೋ ಊರುಗಳ ಜಗಳ ತಪ್ಪುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದರೆ ಬೂತಿನ ಲೆಕ್ಕದಿಂದ ಮನೆಯ ಲೆಕ್ಕ ಸಿಗುವುದಿಲ್ಲ. ಒಂದು ಬೂತಿನಲ್ಲಿ ನೂರಾರು, ಕೆಲವೆಡೆ ಸಾವಿರಕ್ಕೂ ಜಾಸ್ತಿ ಮತದಾರರು. "ನಮ್ಮ ಹತ್ತಿರ ಲಿಸ್ಟ್ ಇದೆ, ನೀವು ಯಾರಿಗೆ ಹಾಕಿದಿರಿ ಗೊತ್ತು" ಎಂದು ಏಜೆಂಟರು ಹೆದರಿಸುತ್ತಾರೆ. ಅವರ ಹತ್ತಿರ ಇರುವುದು ಯಾರು ಓಟು ಹಾಕಲು ಬಂದರು, ಯಾರು ಬರಲಿಲ್ಲ ಅನ್ನುವ ಗುರುತು ಮಾತ್ರ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ನಿಮ್ಮ ಕಣ್ಣಿಗಷ್ಟೇ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಅದರಲ್ಲಿ ನಿಮ್ಮ ಹೆಸರಿಲ್ಲ. ಪಕ್ಕದ ಮನೆಯವರ ಮೇಲೆ ನಿಮಗಿರುವ ಸಿಟ್ಟಿನಲ್ಲಿ ಕಂಡದ್ದೆಷ್ಟು, ಯಾರೋ ಏಜೆಂಟ ಬಂದು ಹೇಳಿದ್ದೆಷ್ಟು, ಯಜಮಾನರ ಜೊತೆ ಕೂತು ಬೇರೆ ಮಾಡಿ ನೋಡಿ.

ಬೆಂಗಳೂರು ಜಯನಗರದಿಂದ

ಹಳ್ಳಿ ಮಾತ್ರ ಅಲ್ಲ ಮೇಡಂ, ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಕಥೆ. ನಮ್ಮ ಕ್ಷೇತ್ರದಲ್ಲಿ 2023ರಲ್ಲಿ ಮರು ಎಣಿಕೆ ರಾತ್ರಿವರೆಗೂ ನಡೆದು ಬಿಜೆಪಿ ಬರೀ 16 ಮತಗಳಿಂದ ಗೆದ್ದಿತು. ಅಷ್ಟು ಕಡಿಮೆ ಅಂತರ ಅಂದರೆ ಪ್ರತಿಯೊಬ್ಬರಿಗೂ ಎದುರು ಫ್ಲಾಟಿನವರೇ ಕಾರಣ ಅನ್ನಿಸುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಒಂದು ವಾರ ಬೆಂಕಿ.

ನಿಜವಾಗಿ ಗಾಯ ಆದದ್ದು ಅದರ ನಂತರ. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಬಸ್ ಉಚಿತ. ಆಮೇಲೆ ಗೃಹಲಕ್ಷ್ಮಿಯ 2000 ರೂಪಾಯಿ. ನಮ್ಮ ಮಹಡಿಯ ಹಿರಿಯರೊಬ್ಬರು ಲಿಫ್ಟಿನಲ್ಲಿ "ಬಿಟ್ಟಿ ಬಸ್ಸು, ಬಿಟ್ಟಿ ದುಡ್ಡು" ಎಂದು ಜೋರಾಗಿ ಹೇಳುತ್ತಿದ್ದರು. ಅದೇ ಲಿಫ್ಟಿನಲ್ಲಿ ಮನೆಗೆಲಸದ ಅಕ್ಕ ಬಕೆಟ್ ಹಿಡಿದು ನಿಂತಿದ್ದಳು. ಅವಳು ಮಾಗಡಿ ರಸ್ತೆ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಟಿಕೆಟ್ ದುಡ್ಡು ಉಳಿದದ್ದರಿಂದ ಮಗನನ್ನು ಟ್ಯೂಷನ್‌ಗೆ ಸೇರಿಸಿದ್ದಳು. ಮರುದಿನದಿಂದ ಅವರ ಮನೆ ಕೆಲಸ ಬಿಟ್ಟಳು. ಯೋಜನೆ ಸರಿಯೋ ತಪ್ಪೋ ಎಂದು ವಾದ ಮಾಡಲು ಎಲ್ಲರಿಗೂ ಹಕ್ಕಿದೆ. ತೆಗೆದುಕೊಂಡವಳ ಮುಖಕ್ಕೆ ಬಿಟ್ಟಿ ಅನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಆ ಹಿರಿಯರಿಗೆ ಒಬ್ಬರೇ ಇದ್ದಾಗ ಇದನ್ನೇ ಹೇಳಿದೆ. ಎಲ್ಲರ ಮುಂದೆ ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ.

ಗುಂಪಿಗೆ ಮಾಡಿದ್ದು ಸುಲಭದ ಕೆಲಸ: ನೀರು, ಕರೆಂಟು, ಕಸ ಬಿಟ್ಟು ಬೇರೇನೂ ಹಾಕುವಂತಿಲ್ಲ. ಎರಡೂ ಕಡೆಯ ಒಬ್ಬೊಬ್ಬರು ಅಡ್ಮಿನ್. ಒಂದೇ ಕಡೆಯವರು ಅಡ್ಮಿನ್ ಆಗಿದ್ದರೆ ನಡೆಯುತ್ತಿರಲಿಲ್ಲ.

ಪುತ್ತೂರಿನ ಹತ್ತಿರದಿಂದ

ನಮ್ಮಲ್ಲಿ ಜಗಳ ಒಂದೇ ವಿಚಾರದವರ ನಡುವೆ ಆದದ್ದು. 2023ರಲ್ಲಿ ಅರುಣ್ ಕುಮಾರ್ ಪುತ್ತಿಲ ಅವರು ಬಿಜೆಪಿ ಎದುರು ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು. ಬಿಜೆಪಿ ಮೂರನೆಯದಾಯಿತು, ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದರು. ಅಷ್ಟು ವರ್ಷ ಒಟ್ಟಿಗೆ ಭಜನೆ ಮಾಡಿದವರು ಎರಡು ಪಾಲಾದರು. ನಿಮ್ಮಿಂದ ಸೋತೆವು ಎಂದು ಒಬ್ಬರಿಗೊಬ್ಬರು. ಹತ್ತಿರದವರ ಜಗಳ ದೂರದವರ ಜಗಳಕ್ಕಿಂತ ಕಹಿ.

2024ರ ಲೋಕಸಭೆ ಚುನಾವಣೆಗೆ ಮುಂಚೆ ಪುತ್ತಿಲ ಅವರು ಬಿಜೆಪಿಗೆ ಮರಳಿದರು. ಮೇಲಿನವರದ್ದು ಅಲ್ಲಿಗೆ ಮುಗಿಯಿತು. ನಮ್ಮ ಊರಲ್ಲಿ ಮುಗಿಯಲು ನೇಮದ, ಅಂದರೆ ದೈವದ ಕೋಲದ, ಸಮಯ ಬರಬೇಕಾಯಿತು. ದೈವದ ನೇಮದಲ್ಲಿ ಒಂದೊಂದು ಮನೆಗೆ ಒಂದೊಂದು ಕೆಲಸ, ತಲೆಮಾರಿನಿಂದ ಬಂದದ್ದು. ಅವರು ಬರದಿದ್ದರೆ ನೇಮ ನಿಲ್ಲುತ್ತದೆ. ದೈವದ ಎದುರು ಹೋಗಿ ನಾನು ಆ ಪಕ್ಷ ಎಂದು ಹೇಳಲಿಕ್ಕೆ ಆಗುತ್ತದಾ? ಸಭೆ ಕರೆದಾಗ ಒಂದು ಗುಂಪು ಚಾವಡಿಯ ಆ ತುದಿ, ಇನ್ನೊಂದು ಈ ತುದಿ. ತೋರಣಕ್ಕೆ ತೆಂಗಿನ ಗರಿ ಯಾರು ತರುವುದು ಅನ್ನುವಲ್ಲಿಂದ ಮಾತು ಶುರುವಾಯಿತು. ನಿಮ್ಮ ಊರಿನ ಹಬ್ಬದಲ್ಲಿ ಇಬ್ಬರಿಗೂ ಕೆಲಸ ಇರುತ್ತದಲ್ಲ, ಅದನ್ನು ತಪ್ಪಿಸಬೇಡಿ.

ದಾವಣಗೆರೆಯ ವಕೀಲೆ

ನಿಮ್ಮ ವಿಷಯ ಸದ್ಯ ಪೊಲೀಸ್ ಠಾಣೆಗೆ ಹೋಗುವಂಥದ್ದಲ್ಲ. ಮಾತು ಬಿಟ್ಟರು ಎಂದು ಕೇಸು ಆಗುವುದಿಲ್ಲ. ಒಬ್ಬರು ದೂರು ಕೊಟ್ಟರೆ ಇನ್ನೊಬ್ಬರು ಪ್ರತಿದೂರು ಕೊಡುತ್ತಾರೆ, ಆಮೇಲೆ ಬೀದಿಯವರೆಲ್ಲ ಸಾಕ್ಷಿಗಳಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ.

ಬೆದರಿಕೆ, ಕಲ್ಲು ತೂರಾಟ, ನೀರು ನಿಲ್ಲಿಸುವುದು ಇಂಥದ್ದಾದರೆ ಮಾತ್ರ ಸುಮ್ನೆ ಕೂರಬೇಡಿ. ನೀರಿನ ವಿಷಯ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಪಿಡಿಒಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೊಡೆದಾಟದ ಭಯ ಇದ್ದರೆ ಪೊಲೀಸರು ವರದಿ ಕೊಟ್ಟು, ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳಬಹುದು. ಮೊದಲು ಅದು ಹಳೆಯ ಕಾನೂನು ಸಿಆರ್‌ಪಿಸಿ ಕಲಂ 107, 2024ರ ಜುಲೈ 1ರಿಂದ ಅದರ ಬದಲು ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್ ಕಲಂ 126. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಪಕ್ಷದ ಮುಖಂಡರ ಮನೆಗೆ ಪಂಚಾಯ್ತಿಗೆ ಮಾತ್ರ ಹೋಗಬೇಡಿ. ಎರಡು ಮನೆಯ ಜಗಳ ಅಲ್ಲಿ ಎರಡು ಪಕ್ಷದ ಜಗಳವಾಗುತ್ತದೆ.

ವಿಜಯಪುರದಿಂದ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಪತ್ರಿಕೆ ಕೊಡಿ, ಆದರೆ ಬರಲೇಬೇಕು ಎಂದು ಆಸೆ ಇಟ್ಟುಕೊಳ್ಳಬೇಡಿ. ಬರದಿದ್ದರೆ ಮದುವೆ ಮನೆಯಲ್ಲಿ ಅದನ್ನೇ ಆಡಿಕೊಳ್ಳಬೇಡಿ. ನಮ್ಮ ಮನೆಗೂ ಹಿಂದಿನ ಮನೆಗೂ ಇವತ್ತಿಗೂ ಹೋಗಿ ಬರುವುದು ಇಲ್ಲ. ಆದರೂ ಅವರ ಅಜ್ಜಿಗೆ ಎದೆನೋವು ಬಂದಾಗ ನಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಹೋದರು. ಅಷ್ಟು ಉಳಿದಿದೆ, ನನಗೆ ಅದು ಸಾಕು.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಮುಯ್ಯಿ ಪುಸ್ತಕ ತೆಗೆದೆವು. ಅವರ ದೊಡ್ಡ ಮಗನ ಮದುವೆಗೆ ನಾವು ಮಾಡಿದ್ದು ಹಾಗೇ ಇದೆ, ತಿರುಗಿ ಬಂದಿಲ್ಲ. ಇವರು ನೋಡಿ ಏನೂ ಹೇಳಲಿಲ್ಲ, ಆದರೆ ಬೇಡ ಅನ್ನುವುದನ್ನು ಬಿಟ್ಟರು. ನಮ್ಮ ದೊಡ್ಡಪ್ಪ ಮೊದಲು ಹೋಗಿ ಹೇಳಲು ಒಪ್ಪಿದ್ದಾರೆ. ಪಂಚಾಯ್ತಿ ಚುನಾವಣೆಗೆ ಏನು ಮಾಡಲಿ? ಈ ಸಲವೂ ಇವರನ್ನು ಓಡಾಡಲು ಕರೆಯುತ್ತಿದ್ದಾರೆ.

ತುಮಕೂರಿನ ನಿವೃತ್ತ ಮೇಷ್ಟ್ರು

ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ ತಾಯಿ. ಕಾನೂನಿನ ಪ್ರಕಾರ ಅದು ಪಕ್ಷರಹಿತ. ಯಜಮಾನರು ಓಡಾಡಲಿ, ಅದು ಅವರ ಹಕ್ಕು. ಆದರೆ ಅಭ್ಯರ್ಥಿಯ ಹತ್ತಿರ ಮೊದಲೇ ಒಂದು ಮಾತು ತೆಗೆದುಕೊಳ್ಳಲಿ: ಗೆದ್ದರೂ ಸೋತವರ ಬೀದಿಯಲ್ಲಿ ಪಟಾಕಿ ಇಲ್ಲ, ಮೆರವಣಿಗೆ ಇಲ್ಲ. ಎದುರು ಅಭ್ಯರ್ಥಿಯಿಂದಲೂ ಅದೇ ಮಾತು ಪಡೆಯಲಿ. ಅದಕ್ಕೆ ಪಕ್ಕದ ಮನೆಯವರನ್ನೇ ಕೇಳಬಹುದು.

ಚನ್ನಪಟ್ಟಣ ತಾಲ್ಲೂಕಿನ ರೈತ

ಅಕ್ಕ, ಇನ್ನೊಂದು. ಇಡೀ ಬೀದಿಗೆ ಕೊಟ್ಟು ಕೊನೆಗೆ ಅವರ ಮನೆಗೆ ಹೋಗಬೇಡಿ, ಬೀದಿಯಲ್ಲಿ ಅವರದ್ದೇ ಮೊದಲ ಮನೆ ಆಗಲಿ. ವಾಟ್ಸಾಪಿನಲ್ಲಿ ಕಳಿಸಬೇಡಿ, ಮಕ್ಕಳ ಕೈಲೂ ಕೊಟ್ಟು ಕಳಿಸಬೇಡಿ. ಅವರು ಕೂರಿ ಅನ್ನದಿದ್ದರೂ ಬೇಜಾರು ಮಾಡಿಕೊಳ್ಳದೆ ಚಪ್ಪರದ ದಿನ ಯಾವಾಗ ಎಂದು ಹೇಳಿಯೇ ಬನ್ನಿ.