ಕೌದಿ ಹೊಲಿಯುವ ಮೊದಲು ಪದರ ‘ಹಿಡಿಸುವುದಕ್ಕೆ’ ನಿಮ್ಮ ಕಡೆ ಏನಂತಾರೆ?

ಬಳಗದವರಿಗೆ ನಮಸ್ಕಾರ.

ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳ ಹೊಲಿಗೆ ತರಗತಿಗೆಂದು ಕೌದಿಯ (ಹಳೇ ಬಟ್ಟೆಯ ಪದರಗಳನ್ನು ಕೂಡಿಸಿ ಹೊಲಿದ ಹೊದಿಕೆ) ಬಗ್ಗೆ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದೇ ಒಂದು ಪದಕ್ಕೆ ಗಾಡಿ ನಿಂತಿದೆ. ಒಂದರ ಮೇಲೊಂದು ಹಾಸಿದ ಹಳೇ ಸೀರೆ, ಧೋತರಗಳು ಹೊಲಿಯುವಾಗ ಸರಿದಾಡಬಾರದೆಂದು ಮೊದಲೇ ಅವನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತೇವಲ್ಲ, ಇಂಗ್ಲಿಷಿನ ಬೇಸ್ಟಿಂಗ್, ಅದಕ್ಕೆ ಏನನ್ನಬೇಕು? ಇಂಗ್ಲಿಷ್ ಪದವನ್ನೇ ಇಟ್ಟುಬಿಡೋಣವೆಂದರೆ ನಮ್ಮ ಟೇಲರ್‌ಗಳ ಬಾಯಲ್ಲಿ ‘ಪೇಸ್ಟಿಂಗ್’ ಎಂಬುದು ಆಗಲೇ ಬೇರೂರಿದೆ: ಕಾಲರಿಗೆ, ಬ್ಲೌಸಿನ ಕೊರಳಿಗೆ ಇಸ್ತ್ರಿ ಮಾಡಿ ಅಂಟಿಸುವ ಕ್ಯಾನ್ವಾಸು. ಬೇಸ್ಟಿಂಗ್ ಅಂದರೆ ತರಗತಿಯಲ್ಲಿ ಅರ್ಧ ಮಂದಿ ಇಸ್ತ್ರಿಪೆಟ್ಟಿಗೆ ಹುಡುಕುತ್ತಾರೆ.

ನಮ್ಮಲ್ಲಿ ಕೇಳಿಬರುವುದು ‘ಟಾಕಾ ಹಾಕೋದು’. ಮರಾಠಿಯ ಟಾಕಾ, ಹಿಂದಿಯ ಟಾಂಕಾ ಇದೇ. ಇಂಗ್ಲಿಷಿನ ಟ್ಯಾಕ್‌ಗೂ ಇದಕ್ಕೂ ಇರುವುದು ಬರೀ ಧ್ವನಿಯ ಹೋಲಿಕೆ, ಅದರ ಹಿಂದೆ ಯಾರೂ ಹೋಗಬೇಡಿ. ತೊಡಕೇನೆಂದರೆ ಟಾಕಾ ಅಂದರೆ ಯಾವ ಹೊಲಿಗೆಯಾದರೂ ಆಯಿತು. ಕೌದಿಯ ಮೇಲಿನ ಒತ್ತು ಹೊಲಿಗೆಯೂ ಟಾಕಾನೇ, ದವಾಖಾನೆಯಲ್ಲಿ ಗಾಯಕ್ಕೆ ಹಾಕುವುದೂ ಟಾಕಾನೇ. ‘ಕಚ್ಚಾ ಹೊಲಿಗಿ’ ಇದಕ್ಕಿಂತ ಮೇಲು. ಬೇರೆ ಬಣ್ಣದ ದಾರದಲ್ಲಿ ಇಂಚುದ್ದದ ಸಡಿಲ ಹೊಲಿಗೆ, ಆಮೇಲೆ ಎಳೆದರೆ ಸುರ್ರನೆ ಬರುವಂಥದು ಎಂದು ಯಾವ ಟೇಲರಿಗಾದರೂ ತಿಳಿಯುತ್ತದೆ.

ಆದರೆ ಕೈಪಿಡಿಯ ಮುಕ್ಕಾಲು ಪಾಲಿನಲ್ಲಿ ಹೊಲಿಗೆಯೇ ಇಲ್ಲ, ಪೇಚಾಟ ಅಲ್ಲಿಂದಲೇ ಶುರು. ಮನೆಯಲ್ಲಿ ಬಿದ್ದಿರುವ ಸಾಮಾನಿನಿಂದ ಪದರ ಹಿಡಿಸುವುದನ್ನು ಹೇಳುತ್ತಿದ್ದೇನೆ. ತಳದ ಬಟ್ಟೆಯನ್ನು ಶಹಾಬಾದಿ ಫರಸಿಯ (ನೆಲದ ಚಪ್ಪಡಿ ಕಲ್ಲು) ಮೇಲೆ ಹಾಸಿ, ಫರಸಿಯ ಸಂದಿನ ಗೆರೆಗೆ ಅದರ ಅಂಚನ್ನು ಕೂಡಿಸಿದರೆ ಮೂಲೆಮಟ್ಟ ಬೇಕಿಲ್ಲ. ನಾಲ್ಕೂ ಮೂಲೆಗೆ ಟೇಪು ಅಂಟಿಸಬೇಕು. ಧೂಳಿದ್ದರೆ ಅದು ಹಿಡಿಯುವುದಿಲ್ಲ, ಮೊದಲು ಒದ್ದೆ ಅರಿವೆಯಿಂದ ಒರೆಸಿ ಆರಲು ಬಿಡಬೇಕು. ಬಟ್ಟೆ ನೆರಿಗೆಯಿಲ್ಲದೆ ಕೂತರೆ ಸಾಕು. ಜಗ್ಗಿ ಅಂಟಿಸಿದಿರೋ, ಟೇಪು ಬಿಚ್ಚಿದ ಕೂಡಲೇ ಕುಗ್ಗಿ ಮೇಲಿನ ಪದರ ಸುಕ್ಕಾಗುತ್ತದೆ. ಮೇಜಿನ ಮೇಲಾದರೆ ಅಂಚಿಗೆ ಕಾಗದ ಹಿಡಿಯುವ ಕರೀ ಕ್ಲಿಪ್ಪು ಸಿಕ್ಕಿಸಿ, ಮೇಜಿನ ನಟ್ಟನಡುವೆ ಒಂದು ಬೆಂಕಿಕಡ್ಡಿ ಟೇಪಿನಿಂದ ಅಂಟಿಸಿಬಿಡಿ. ಪ್ರತಿ ಪದರವನ್ನೂ ನಾಲ್ಕು ಮಡಿಕೆ ಮಾಡಿ ಅದರ ನಡುವನ್ನು ಕಡ್ಡಿಯ ಮೇಲೆ ತಂದರೆ ಎಷ್ಟು ಪದರ ಬಂದರೂ ನಡು ಬೆರಳಿಗೇ ಸಿಗುತ್ತದೆ.

ಮುಂದೆ ಸೇಫ್ಟಿ ಪಿನ್ನು. ನಡುವಿನಿಂದ ಹೊರಗೆ, ಅಂಗೈ ಅಗಲಕ್ಕೊಂದರಂತೆ. ನೂರಾರು ಪಿನ್ನು ಮುಚ್ಚುವಷ್ಟರಲ್ಲಿ ಬೆರಳ ತುದಿ ಜುಮುಜುಮು ಅನ್ನುತ್ತದೆ. ಬೆರಳಿಗೆ ತೊಡುವ ಅಂಗುಸ್ತಾನಕ್ಕಿಂತ ಇಲ್ಲಿ ಚಹಾದ ಚಮಚ ವಾಸಿ: ಪಿನ್ನಿನ ಮೊನೆ ಮೇಲೆ ಬರುವ ಜಾಗದಲ್ಲಿ ಚಮಚದ ಅಂಚು ಒತ್ತಿ ಹಿಡಿದರೆ ಮೊನೆ ಅದರ ಮೇಲೆ ಜಾರಿ ಎದ್ದು ನಿಲ್ಲುತ್ತದೆ, ಹಾಗೇ ಒತ್ತಿ ಮುಚ್ಚಬಹುದು. ಸವೆದು ತೆಳ್ಳಗಾದ ಸಾಬೂನಿನ ಚೂರು ಗೆರೆ ಎಳೆಯಲು. ಮೈದಾ ಅಂಟನ್ನು ಮಾತ್ರ ನಾನು ಬರೆಯುವುದಿಲ್ಲ. ಒಗೆದು ತೆಗೆಯದಿದ್ದರೆ ಜಿರಳೆಗೆ ಹಬ್ಬ.

ಈಗ ಹೇಳಿ, ಇಷ್ಟಕ್ಕೂ ‘ಕಚ್ಚಾ ಹೊಲಿಗಿ’ ಎನ್ನಲು ಬರುತ್ತದೆಯೇ? ಟೇಪು, ಕ್ಲಿಪ್ಪು, ಪಿನ್ನು ಯಾವುದೂ ಹೊಲಿಗೆಯಲ್ಲ. ‘ಹಂಗಾಮಿ ಜೋಡಣೆ’ ಎಂದು ಯಾರೋ ಸೂಚಿಸಿದರು; ಅದು ಕಚೇರಿಯ ಆದೇಶದಂತಿದೆ, ಕೌದಿಯ ಮುಂದೆ ಕೂತವರು ಆಡುವ ಮಾತಲ್ಲ. ನನ್ನ ಮನಸ್ಸು ‘ಪದರ ಹಿಡಿಸೋದು’ ಕಡೆಗಿದೆ. “ಮೊದಲು ಪದರ ಹಿಡಿಸಿಕೊ, ಆಮ್ಯಾಲೆ ಹೊಲಿ” ಎಂದರೆ ದಾರವಾಗಲಿ ಪಿನ್ನಾಗಲಿ ಎರಡಕ್ಕೂ ಸಲ್ಲುತ್ತದೆ. ‘ಹಿಡಿಸು’ಗೆ ಇಷ್ಟವಾಗು ಎಂಬ ಅರ್ಥವೂ ಇದೆ, ನಿಜ, ಮುಂದೆ ‘ಪದರ’ ಇದ್ದರೆ ಯಾರೂ ಗೊಂದಲಪಡುವುದಿಲ್ಲ ಎಂದುಕೊಂಡಿದ್ದೇನೆ. ಒಪ್ಪದವರು ಜಗಳಕ್ಕೆ ಬರಬಹುದು.

ಕೇಳಬೇಕಾದ್ದು ಎರಡು. ಇಂಡಿ, ಸಿಂದಗಿ ಕಡೆಯವರೇ, ಮನೆಯ ಆಯಿ-ಅಜ್ಜಿಯರು ಕೌದಿ ಹಾಸಿದ ಮೇಲೆ ಪದರ ಸರಿಯದಂತೆ ಮಾಡುವ ಈ ಕೆಲಸಕ್ಕೆ ಬೇರೆಯೇ ಕ್ರಿಯಾಪದ ಬಳಸುತ್ತಾರೆಯೇ? ಕೌದಿಗೆ ಮರಾಠಿಯಲ್ಲಿ ಅನ್ನುವ ಗೋಧಡಿ, ವಾಕಳ ಎಂಬ ಮಾತು ದಿನವೂ ಕಿವಿಗೆ ಬೀಳುವ ನಿಪ್ಪಾಣಿ, ಖಾನಾಪುರದವರೇ, ನಿಮ್ಮಲ್ಲಿ ಟಾಕಾಕ್ಕೆ ‘ಕಚ್ಚಾ’ ಸೇರಿಸದೆ ಈ ಅರ್ಥ ಬರುತ್ತದೆಯೇ? ನಿಘಂಟಿನ ಪದಕ್ಕಿಂತ ಬಾಯಿಂದ ಕೇಳಿದ ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿ, ಯಾವ ಊರಿನದೆಂದು ಸೇರಿಸಿ.