ಕಂಪನಿ ಮುಚ್ಚಿಹೋದರೆ ಪರಿಹಾರ ಯಾರನ್ನು ಕೇಳೋದು?

ಧೂಳುಕಣ: ಚಿಕ್ಕಪ್ಪ ಹಿಂದೆ ಒಂದು ಶೀಟ್ ಫ್ಯಾಕ್ಟರಿಯಲ್ಲಿದ್ದರು. ಸಂಜೆ ಬಂದು ಅಂಗಿ ಕೊಡವಿದರೆ ಬಿಳಿ ಪುಡಿ ಉದುರುತ್ತಿತ್ತು. ಈಗ ಶ್ವಾಸಕೋಶ ಕೆಟ್ಟಿದೆ, ಆ ಕಂಪನಿಯೇ ಇಲ್ಲ. ಅದರ ಒಡೆತನವಿದ್ದ ಮೂಲ ಕಂಪನಿ ಮಾತ್ರ ಚೆನ್ನಾಗಿ ನಡೆಯುತ್ತಿದೆ, ಕೇಳಿದರೆ 'ಅದು ಬೇರೆ, ನಾವು ಬೇರೆ' ಅನ್ನುತ್ತಾರೆ. ಇದು ನ್ಯಾಯನಾ?

ಕಡತಹುಳು: ಅದು 1897ರ ಸಾಲೊಮನ್ ಕೇಸಿನಿಂದ ಗಟ್ಟಿಯಾದ ಮಾತು. ಬೂಟು ಮಾಡುವವನೊಬ್ಬ ತನ್ನ ವ್ಯಾಪಾರವನ್ನೇ ಕಂಪನಿ ಮಾಡಿ, 20,007 ಷೇರುಗಳಲ್ಲಿ 20,001 ತಾನೇ ಇಟ್ಟುಕೊಂಡಿದ್ದ; ಕಂಪನಿ ಮುಳುಗಿದಾಗ ಅದರ ಸಾಲಕ್ಕೆ ಅವನು ಹೊಣೆಯಲ್ಲ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನನಗೆ ಸಿಟ್ಟು ಬರೋದು ಇಲ್ಲೇ. ಬ್ಯಾಂಕು ಸಾಲ ಕೊಡುವ ಮುಂಚೆ ಗ್ಯಾರಂಟಿ ಬರೆಸಿಕೊಳ್ಳುತ್ತದೆ. ಧೂಳು ನುಂಗಿದವನು ಏನು ಬರೆಸಿಕೊಂಡಿದ್ದ?

ನಡುರಾತ್ರಿ ಲಾಯರ್: 'ಎರಡೂ ಒಂದೇ ಕಂಪನಿ' ಅಂತ ವಾದಿಸಿದರೆ ಸೋಲೋದೇ ಜಾಸ್ತಿ. 1990ರಲ್ಲಿ ಇಂಗ್ಲೆಂಡಿನ ಕೇಪ್ ಅನ್ನೋ ಮೂಲ ಕಂಪನಿ ಮೇಲಿನ ಆಸ್ಬೆಸ್ಟಾಸ್ ಕೇಸಲ್ಲಿ ಹಾಗೇ ಆಯಿತು. ಆದರೆ 2012ರಲ್ಲಿ ಚಾಂಡ್ಲರ್ ಅನ್ನೋ ಕಾರ್ಮಿಕನ ಕೇಸಲ್ಲಿ ಅದೇ ಕೇಪ್ ಸೋತಿತು, ಯಾಕೆಂದರೆ ಅಂಗಸಂಸ್ಥೆಯ (ಮೂಲ ಕಂಪನಿಯ ಕೈಕೆಳಗಿನ ಕಂಪನಿಯ) ಕಾರ್ಮಿಕರ ಆರೋಗ್ಯದ ವಿಚಾರದಲ್ಲಿ ಮೂಲ ಕಂಪನಿಗೇ ನೇರ ಹೊಣೆ ಇತ್ತು ಎಂದು ಕೋರ್ಟ್ ಹೇಳಿತು. ಹಾಗಾಗಿ ಹಳೇ ಕಾಗದ ಹುಡುಕಿ. ಸುರಕ್ಷತೆಯ ಸುತ್ತೋಲೆಗೆ ಸಹಿ ಯಾರದು? ಮುಚ್ಚಿದ ಕಂಪನಿಗೆ ವಿಮೆ ಇತ್ತಾ? ಕೇಸು ಹಾಕುವ ಅವಧಿ ಮೀರುವ ಮುಂಚೆ ವಕೀಲರನ್ನು ನೋಡಿ.

ಧೂಳುಕಣ: ಟ್ರಂಕಿನಲ್ಲಿ ಒಂದು ಮೆಡಿಕಲ್ ತಪಾಸಣೆ ಚೀಟಿ ಸಿಕ್ಕಿತು ಸರ್. ಮೊಹರು ಮೂಲ ಕಂಪನಿಯದ್ದೇ!